ಹಿಂದಿಟ್ಟ ಒಂದು ಗಂಟೆ

ಅಂಚೆಯ ಅಣ್ಣು ಆ ನೀಲಿ ಕಾಗದವನ್ನು ಕೈಗೆ ಕೊಟ್ಟಾಗ ತ್ರಿಶಲೆಗೆ ಮೊದಲು ಅನ್ನಿಸಿದ್ದು, ಇದು ಇಷ್ಟು ಹಗುರವೇ ಎಂದು. ಒಂದು ವರ್ಷದಿಂದ, ಹದಿನೈದು ದಿನಕ್ಕೊಮ್ಮೆ, ಇಂಗ್ಲೆಂಡಿನಿಂದ ಮೂಡುಬಿದಿರೆಯ ಈ ಮನೆಗೆ ಮೈದುನನ ಕಾಗದ ಬರುತ್ತಿತ್ತು. ಆದರೆ ಒಮ್ಮೆಯೂ ಅದು ನೇರವಾಗಿ ಅವಳ ಕೈಗೆ ಬಂದಿರಲಿಲ್ಲ. ಅಣ್ಣುವಿನ ಸೈಕಲ್ಲು ಬಸದಿಯ ಮೂಲೆ ತಿರುಗುವ ಮೊದಲೇ ವಾರಗಿತ್ತಿ ಮನೋರಮೆ ಅಂಗಳದಲ್ಲಿ ನಿಂತಿರುತ್ತಿದ್ದಳು. ಕಾಗದ ಇಸಕೊಂಡು, ಧೂಳಿರಲಿ ಇಲ್ಲದಿರಲಿ, ಸೆರಗಿನಲ್ಲಿ ಒರೆಸಿ ಮಾಳಿಗೆಗೆ ಓಡುತ್ತಿದ್ದಳು. ಇವತ್ತು ಅವಳು ಬೆಳ್ತಂಗಡಿಯ ತವರಿಗೆ ಹೋಗಿದ್ದಳು, ಅಣ್ಣನ ಮಗುವಿಗೆ ಹೆಸರಿಡುವ ದಿನವೆಂದು. ಸಂಜೆಯ ಬಸ್ಸಿಗೆ ಬರುವವಳು. ಅತ್ತೆ ರಾಜಮತಿಯವರು ಒಳಗೆ ಮಲಗಿದ್ದರು. ಗಂಡ ರವಿರಾಜ ಮನೆಯ ಪಕ್ಕದ ಬಸದಿಯ ಇಂದ್ರ, ಪೂಜೆ ಮಾಡುವವನು. ಅವನು ಅಂದು ಯಾರದೋ ಮನೆಯ ಶಾಂತಿಗೆಂದು ಹೋಗಿದ್ದ. ಅಣ್ಣು ಬೆವರು ಒರೆಸಿಕೊಂಡು, ಸಣ್ಣಮ್ಮನವರಿಗೆ ಕೊಟ್ಟುಬಿಡಿ ಎಂದು ಹೇಳಿ ಸೈಕಲ್ಲು ಹತ್ತಿದ. ತ್ರಿಶಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕಾಗದವನ್ನು ಗೆರಸೆಯ ಅಡಿಗೆ ಸರಿಸಿದಳು, ಗಾಳಿಗೆ ಹಾರಬಾರದೆಂದು. ಅಷ್ಟೇ ಕಾರಣ. ಆ ಹೊತ್ತಿಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ ಎಂದು ಆಮೇಲೆ ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು.

ಮನೋರಮೆ ಬಂದಾಗ ಕತ್ತಲಾಗಲಿಕ್ಕೆ ಸ್ವಲ್ಪವೇ ಇತ್ತು. ಊಟ ತವರಿನಲ್ಲೇ ಮುಗಿಸಿ ಬಂದಿದ್ದಳು. ಬಸ್ಸಿನಲ್ಲಿ ಐದೂವರೆಗೆ ಸರಿಯಾಗಿ ಕಣ್ಣು ಮುಚ್ಚಿ ಕೂತಿದ್ದೆ, ಪಕ್ಕದ ಹೆಂಗಸು ತಲೆ ತಿರುಗುತ್ತಿದೆಯಾ ಎಂದು ಕೇಳಿ ಲಿಂಬೆಹುಳಿ ಕೊಟ್ಟಳು ಎಂದು ನಗುತ್ತಾ ಹೇಳಿದಳು. ಆ ನಗುವನ್ನು ನೋಡುತ್ತಾ ತ್ರಿಶಲೆಗೆ ಒಳಗೆಲ್ಲೋ ಸಣ್ಣಗೆ ಉರಿಯತೊಡಗಿತು. ಬಸ್ಸಿನಲ್ಲಿ, ಮೀನಿನ ಬುಟ್ಟಿಗಳ ನಡುವೆ, ಕಂಡಕ್ಟರನ ಸೀಟಿಯ ನಡುವೆ ಕೂಡ ಇವಳಿಗೆ ಒಬ್ಬ ಇದ್ದಾನೆ. ಮನೋರಮೆ ಕಾಲು ತೊಳೆಯುತ್ತಾ ಕೇಳಿದಳು.

"ಅಕ್ಕ, ಇವತ್ತು ಟಪಾಲು ಉಂಟಾ?"

"ಇಲ್ಲ," ಎಂದಳು ತ್ರಿಶಲೆ.

ಬಾಯಿಂದ ಬಂದ ಮೇಲೆಯೇ ತಾನು ಹೇಳಿದ್ದು ಅವಳಿಗೆ ಕೇಳಿಸಿದ್ದು. ತಿದ್ದಿಕೊಳ್ಳಬಹುದಿತ್ತು. ಮರೆತೆ ಮಾರಾಯ್ತಿ, ಗೆರಸೆಯ ಅಡಿಯಲ್ಲಿಟ್ಟಿದ್ದೇನೆ ಎಂದರೆ ಮುಗಿಯುತ್ತಿತ್ತು. ಆದರೆ ಮನೋರಮೆ ಆಗಲೇ, ನಾಡಿದ್ದು ಬರಬಹುದು, ಈ ಸಲ ತಡ, ಎಂದು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡು ಒಳಗೆ ಹೋಗಿಯಾಗಿತ್ತು. ಎಷ್ಟು ಸುಲಭವಾಗಿ ನಂಬಿದಳು ಎಂದು ತ್ರಿಶಲೆಗೆ ಸಿಟ್ಟು ಬಂತು.

ಐದೂವರೆಯ ಈ ಕಾಟ ಶುರುವಾದದ್ದು ಮಾರ್ಚಿನಲ್ಲಿ. ಮೈದುನ ಅಜಿತಕುಮಾರ ಅಚ್ಚಿನ ಯಂತ್ರಗಳ ಕೆಲಸ ಕಲಿಯಲು ಎರಡು ವರ್ಷಕ್ಕೆಂದು ಮ್ಯಾಂಚೆಸ್ಟರಿಗೆ ಹೋಗುವಾಗ ಗಂಡ ಹೆಂಡತಿ ಒಂದು ಮಾತು ಮಾಡಿಕೊಂಡಿದ್ದರು. ಅಲ್ಲಿ ಅವನಿಗೆ ಮಧ್ಯಾಹ್ನ ಒಂದು ಗಂಟೆಗೆ ಊಟದ ಬಿಡುವು. ಆ ಒಂದು ಗಂಟೆಗೆ ಅವನು ಕಾಲುವೆಯ ಪಕ್ಕದ ಬೆಂಚಿನಲ್ಲಿ ಕೂತು ಹತ್ತು ನಿಮಿಷ ಕಣ್ಣು ಮುಚ್ಚುವುದು, ಪಂಚನಮಸ್ಕಾರ ಹೇಳಿಕೊಂಡು ಇವಳನ್ನು ನೆನೆಯುವುದು. ಅದೇ ಹೊತ್ತಿಗೆ ಇವಳು ಇಲ್ಲಿ ಮಾಳಿಗೆಯ ಕೋಣೆಯಲ್ಲಿ ಕೂರುವುದು. ಚಳಿಗಾಲವಿಡೀ ಅವನ ಒಂದು ಗಂಟೆಯೆಂದರೆ ಇಲ್ಲಿ ಸಂಜೆ ಆರೂವರೆಯಾಗಿತ್ತು. ಊಟ ಮುಗಿದಿರುತ್ತಿತ್ತು, ಪಾತ್ರೆ ತೊಳೆದಾಗಿರುತ್ತಿತ್ತು, ಯಾರಿಗೂ ಏನೂ ತೊಂದರೆಯಿರಲಿಲ್ಲ. ಮಾರ್ಚಿನಲ್ಲಿ ಬಂದ ಕಾಗದವನ್ನು ಮನೋರಮೆ ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ಓದಿದಳು. ಆ ದೇಶದಲ್ಲಿ ಬೇಸಗೆಗೆ ಮೊದಲು ಒಂದು ಶನಿವಾರ ಎಲ್ಲರೂ ಮಲಗುವಾಗ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟು ಮಲಗುತ್ತಾರಂತೆ. ಲೆಕ್ಕಕ್ಕೆ ನಸುಕಿನ ಎರಡು ಗಂಟೆ ಹೋಗಿ ಒಮ್ಮೆಲೇ ಮೂರು ಆಗುವುದಂತೆ. ಇಡೀ ದೇಶಕ್ಕೆ ಒಂದೇ ಸಲ. ರೈಲು, ಗಿರಣಿ, ಶಾಲೆ, ಇಗರ್ಜಿ, ಎಲ್ಲಕ್ಕೂ. ಮರೆತವರು ಮರುದಿನ ಇಗರ್ಜಿಗೆ ಪೂಜೆ ಮುಗಿದ ಮೇಲೆ ಮುಟ್ಟುವರಂತೆ. ಸಂಜೆಯ ಬೆಳಕು ಒಂದು ಗಂಟೆ ಹೆಚ್ಚು ಸಿಕ್ಕಿದ ಹಾಗಾಗುತ್ತದೆ, ದೀಪದ ಖರ್ಚು ಉಳಿಯುತ್ತದೆ. ಆಮೇಲೆ ಅಕ್ಟೋಬರದಲ್ಲೋ ಮತ್ತೆ ಯಾವಾಗಲೋ ಸರಕಾರ ಹೇಳಿದ ದಿನ ಆ ಗಂಟೆಯನ್ನು ಹಿಂದೆ ಇಡುತ್ತಾರೆ. ಆ ರಾತ್ರಿ ಓಡುವ ರೈಲುಗಳು ಯಾವುದಾದರೂ ಸ್ಟೇಷನ್ನಿನಲ್ಲಿ ಒಂದು ಗಂಟೆ ಸುಮ್ಮನೆ ನಿಂತು, ಹೊತ್ತು ತಮ್ಮನ್ನು ಮುಟ್ಟುವವರೆಗೆ ಕಾಯುತ್ತವೆ. ರಾಜಮತಿಯವರು ಬಾಯಿಗೆ ಕೈಯಿಟ್ಟು ಕೇಳಿದರು. ಅವರಿಗೆ ಇದ್ದ ಚಿಂತೆ ಒಂದೇ: ಮಗ ಜೈನರ ನೇಮದ ಹಾಗೆ ಸೂರ್ಯ ಮುಳುಗುವ ಮೊದಲು ಉಣ್ಣುವುದು ಹೇಗೆ, ಗಡಿಯಾರ ನೋಡಿಯೋ ಸೂರ್ಯನನ್ನು ನೋಡಿಯೋ? ಜೂನಿನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಗೂ ಬಿಸಿಲಿರುತ್ತದೆ ಎಂದು ಮನೋರಮೆ ಓದಿದಾಗ ಅವರ ಮುಖ ಅರಳಿತು. ಡಿಸೆಂಬರದಲ್ಲಿ ನಾಲ್ಕಕ್ಕೇ ಮುಳುಗುತ್ತದೆ ಎಂಬುದನ್ನು ರವಿರಾಜ ಕೇಳಿಸಿಕೊಂಡ, ಅವರು ಕೇಳಿಸಿಕೊಳ್ಳಲಿಲ್ಲ.

ಆಗ ತ್ರಿಶಲೆಗೂ ಹೇಳಲಿಕ್ಕಿತ್ತು. ನಮ್ಮಲ್ಲೂ ಇತ್ತು ಇದು, ಯುದ್ಧದ ಕಾಲದಲ್ಲಿ, ನಾನು ಶಾಲೆಗೆ ಹೋಗುವಾಗ, ಎಂದು ಅವಳು ಬಾಯಿ ತೆರೆದಿದ್ದಳು. ಅವಳ ತವರು ನರಿಕೊಂಬು. ಬಂಟವಾಳದ ಶಾಲೆಗೆ ನೇತ್ರಾವತಿಯನ್ನು ದೋಣಿಯಲ್ಲಿ ದಾಟಬೇಕು. ಸರಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು, ಶಾಲೆ ಹೊಸ ಟೈಮಿನಲ್ಲಿ ನಡೆಯುತ್ತಿತ್ತು, ದೋಣಿಯ ಅಬ್ದುಲ್ ಮಜೀದ್ ಮಾತ್ರ ಹಳೆಯ ಟೈಮಿನವನು. ನೀರಿನ ಮೇಲೆ ಬೆಳಕು ಬೀಳದೆ ಅವನು ಹುಟ್ಟು ಮುಟ್ಟುತ್ತಿರಲಿಲ್ಲ. ದಿನವೂ ತಡ. ದಿನವೂ ಮಾಸ್ತರರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಒಳಗೆ ಪಾಠ ನಡೆಯುತ್ತಿರುವಾಗ ಹೊರಗೆ ನಿಂತ ಹನ್ನೆರಡು ವರ್ಷದ ಹುಡುಗಿಗೆ, ತಾನು ಮಾಡದ ತಪ್ಪಿಗೆ ತಾನು ಎಲ್ಲರಿಗಿಂತ ಒಂದು ಗಂಟೆ ಹಿಂದೆ ಉಳಿದವಳು ಎಂದು ಅನ್ನಿಸುತ್ತಿತ್ತು. ಎಂಟನೆಯ ತರಗತಿಗೆ ಶಾಲೆ ನಿಂತಿತು. ಇದನ್ನೆಲ್ಲ ಹೇಳಬೇಕೆಂದು ಹೊರಟವಳಿಗೆ ಅತ್ತೆ ಕೈಯೆತ್ತಿ, ತಡೆ, ಅವಳು ಓದಲಿ, ಎಂದಿದ್ದರು. ಮನೋರಮೆ ಓದಿದಳು. ಇನ್ನು ಮೇಲೆ ನನ್ನ ಒಂದು ಗಂಟೆ ಎಂದರೆ ನಿನ್ನ ಐದೂವರೆ. ಐದೂವರೆ ಎಂದರೆ ಈ ಮನೆಯಲ್ಲಿ ಎಲೆ ಹಾಕುವ ಹೊತ್ತು. ಸೂರ್ಯ ಮುಳುಗುವ ಮೊದಲು ಎಲ್ಲರ ಊಟ ಮುಗಿಯಬೇಕು. ಮರುದಿನದಿಂದ ಅನ್ನದ ಪಾತ್ರೆ ಇಳಿಸುವಾಗ ಸರಿಯಾಗಿ ಮನೋರಮೆ ಕೈತೊಳೆದು ಮಾಳಿಗೆಯ ಮೆಟ್ಟಿಲು ಹತ್ತತೊಡಗಿದಳು. ಅವಳ ಕೋಣೆಯ ಗೋಡೆಗೆ ಅಜಿತನ ಹಳೆಯ ಕೈಗಡಿಯಾರ ತೂಗುತ್ತಿತ್ತು, ಅದು ಇಂಗ್ಲೆಂಡಿನ ಹೊತ್ತು ತೋರಿಸುತ್ತಿತ್ತು. ಏಳು ತಿಂಗಳು ತ್ರಿಶಲೆ ಒಬ್ಬಳೇ ಬಡಿಸಿದಳು. ತೊಂಡೆಕಾಯಿ ಪಲ್ಯ ಹಿಡಿದು ಬಗ್ಗಿದಾಗಲೆಲ್ಲ ಅವಳ ಕಿವಿ ಮೇಲಿನ ಹಲಗೆಯ ಕಡೆಗೇ ಇರುತ್ತಿತ್ತು. ಅಲ್ಲಿ ಒಂದು ಸದ್ದೂ ಇರುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಮನೋರಮೆ ಇಳಿದು ಬರುವಾಗ ಅವಳ ಮುಖ, ಈಗಷ್ಟೇ ಯಾರೋ ಹೊಗಳಿದವರ ಮುಖದ ಹಾಗೆ, ಸ್ವಲ್ಪ ನಾಚಿಕೊಂಡು ಸ್ವಲ್ಪ ಬಿಗಿದುಕೊಂಡು ಇರುತ್ತಿತ್ತು.

ಮರುದಿನ ಮಧ್ಯಾಹ್ನ ತ್ರಿಶಲೆ ಕೊಟ್ಟಿಗೆಯ ಹಿಂದೆ ನಿಂತು ತಲೆಯ ಪಿನ್ನಿನಿಂದ ಕಾಗದವನ್ನು ಬಿಡಿಸಿದಳು. ಬಿಡಿಸಿದ ಕ್ಷಣಕ್ಕೆ, ಇನ್ನು ಇದನ್ನು ಕೊಡುವ ಹಾಗಿಲ್ಲ ಎಂದು ಹೊಳೆಯಿತು, ಹೊಳೆದು ಒಂದು ಬಗೆಯ ನಿರಾಳವೂ ಆಯಿತು. ಅಂಥ ವಿಶೇಷ ಏನೂ ಇರಲಿಲ್ಲ ಅದರಲ್ಲಿ. ಚಳಿ ಶುರುವಾಗಿದೆ. ಉಪ್ಪಿನಕಾಯಿ ಖಾಲಿಯಾಗಿದೆ. ಈ ವರ್ಷ ಅಕ್ಟೋಬರ್ ಇಪ್ಪತ್ತೊಂಬತ್ತನೆಯ ತಾರೀಕು, ಆದಿತ್ಯವಾರ, ನಸುಕಿನಲ್ಲಿ ಮೂರು ಗಂಟೆಯನ್ನು ಎರಡು ಮಾಡುತ್ತಾರೆ. "ಅಂದಿನಿಂದ ಮೊದಲಿನ ಹಾಗೆ ಆರೂವರೆಗೆ ಕೂರು. ಐದೂವರೆಗೆ ಕೂತರೆ ನಾನು ಯಂತ್ರದ ಎದುರು ಮಸಿ ಕೈಯಲ್ಲಿ ನಿಂತಿರುತ್ತೇನೆ, ನೀನು ಬಂದದ್ದು ನನಗೆ ತಿಳಿಯುವುದಿಲ್ಲ," ಎಂದು ಬರೆದಿದ್ದ. ತ್ರಿಶಲೆ ಆ ಸಾಲನ್ನು ಮೂರು ಸಲ ಓದಿದಳು. ಬಂದದ್ದು ಎಂದರೇನು? ಎಲ್ಲಿಗೆ ಬರುವುದು? ಈ ಹೆಂಗಸು ಅಡಿಗೆಮನೆಯ ಕೆಲಸ ಬಿಟ್ಟು ಹದಿನಾರು ಮೆಟ್ಟಿಲು ಹತ್ತಿದರೆ ಸಮುದ್ರದಾಚೆ ಒಬ್ಬನಿಗೆ ಬಂದ ಹಾಗಾಗುತ್ತದೆ. ಎಂಟು ವರ್ಷದ ಹಿಂದೆ ರವಿರಾಜ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿ ಇಪ್ಪತ್ತು ದಿನ ಇದ್ದು ಬಂದಾಗ ಅವಳು, ಮನೆಯ ನೆನಪಾಯಿತಾ ಎಂದು ಕೇಳಿದ್ದಳು. ಅಲ್ಲಿ ನೆನಪು ಮಾಡಲಿಕ್ಕೆ ಪುರುಸೊತ್ತು ಎಲ್ಲಿ ಎಂದಿದ್ದ ಅವನು. ಅದರಲ್ಲಿ ಸುಳ್ಳೂ ಇರಲಿಲ್ಲ, ಕೆಡುಕೂ ಇರಲಿಲ್ಲ. ಅವನು ಒಳ್ಳೆಯವನು. ಹನ್ನೊಂದು ವರ್ಷದಲ್ಲಿ ಮಕ್ಕಳಾಗಲಿಲ್ಲವೆಂದು ಒಂದು ಮಾತು ಆಡಿದವನಲ್ಲ. ಆದರೆ ಅವಳು ಎದುರಿಗೆ ಇಲ್ಲದ ಹೊತ್ತಿನಲ್ಲಿ ಅವಳು ಅವನಿಗೆ ಎಲ್ಲಿಯೂ ಇರುತ್ತಿರಲಿಲ್ಲ.

ಕಾಗದವನ್ನು ಅವಳು ತನ್ನ ಮದುವೆಯ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ ಇಟ್ಟಳು. ಇದರಿಂದ ತನಗೇ ನಷ್ಟ ಎಂದು ಅವಳಿಗೆ ಗೊತ್ತಿತ್ತು. ಕೊಟ್ಟರೆ ಮನೋರಮೆ ಆರೂವರೆಗೆ ಹೋಗುತ್ತಾಳೆ, ಐದೂವರೆಗೆ ಬಡಿಸಲಿಕ್ಕೆ ಎರಡು ಕೈ ಆಗುತ್ತದೆ. ಏಳು ತಿಂಗಳಿಂದ ಅವಳು ಗೊಣಗಿದ್ದು ಇದಕ್ಕೇ. ಈಗ ಆ ಕಷ್ಟವನ್ನು ತಾನಾಗಿ ಹೊತ್ತುಕೊಂಡು, ಇಪ್ಪತ್ತೊಂಬತ್ತರ ಆದಿತ್ಯವಾರ ಸಂಜೆ, ಅವಳು ಗೆಲುವಿನಿಂದ ಬಡಿಸಿದಳು. ಮೇಲೆ ಮನೋರಮೆ ಕೂತಿದ್ದಾಳೆ, ಅತ್ತ ಬೆಂಚು ಖಾಲಿ. ಹೋಗು, ಕೂರು, ಎಂದು ಒಳಗೊಳಗೇ ಅಂದುಕೊಂಡಳು. ಇಳಿದು ಬರುವಾಗ ನಿನ್ನ ಮುಖ ಹೇಗಿರುತ್ತದೆ ನೋಡುತ್ತೇನೆ. ಮನೋರಮೆ ಇಳಿದು ಬಂದಳು. ಮುಖ ಯಾವತ್ತಿನ ಹಾಗೇ ಇತ್ತು. ಕೆನ್ನೆಯಲ್ಲಿ ಅದೇ ರಂಗು. ಮಜ್ಜಿಗೆಯ ಪಾತ್ರೆಯನ್ನು ತ್ರಿಶಲೆಯ ಕೈಯಿಂದ ತೆಗೆದುಕೊಳ್ಳುತ್ತಾ, ಇವತ್ತು ತುಂಬ ಚೆನ್ನಾಗಿ ಮನಸ್ಸು ನಿಂತಿತು ಅಕ್ಕ, ಎಂದಳು. ತ್ರಿಶಲೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕದ್ದರೂ ಕಡಿಮೆಯಾಗದ ಸೊತ್ತು ಅದು.

ಆ ಸಂಜೆ ಆರೂಕಾಲಿಗೆ ಅತ್ತೆ, ರವಿರಾಜ, ಮನೋರಮೆ ಮೂವರೂ ಬಸದಿಗೆ ದೀಪಾರತಿಗೆ ಹೋದರು. ಮನೆಯಲ್ಲಿ ತ್ರಿಶಲೆ ಒಬ್ಬಳೇ. ಪಾತ್ರೆ ತಿಕ್ಕುವುದನ್ನು ಅರ್ಧಕ್ಕೆ ಬಿಟ್ಟು ಅವಳು ಮಾಳಿಗೆ ಹತ್ತಿದಳು. ಯಾರೂ ಇಲ್ಲದ ಆರೂವರೆ ಹೇಗಿರುತ್ತದೆಂದು ನೋಡಿ ಬರುವುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಕೋಣೆಯಲ್ಲಿ ಹೊರಗಿನ ಬೂದು ಬೆಳಕು ಇತ್ತು. ಗೋಡೆಯ ಕೈಗಡಿಯಾರ ಎರಡು ಗಂಟೆ ತೋರಿಸುತ್ತಿತ್ತು. ಅದಕ್ಕೂ ಯಾರೂ ಹೇಳಿರಲಿಲ್ಲ. ಕಿಟಕಿಯ ಕೆಳಗೆ ಮನೋರಮೆ ಕೂರುವ ಚಾಪೆ. ತ್ರಿಶಲೆ ಅದರ ಮೇಲೆ ಕೂರಲಿಲ್ಲ, ಪಕ್ಕದ ನೆಲದ ಮೇಲೆ ಕೂತಳು. ಈಗ, ಇದೇ ಈಗ, ಅವನು ಕಣ್ಣು ಮುಚ್ಚಿದ್ದಾನೆ. ಮೈದುನನ ಮುಖ ಅವಳಿಗೆ ಸರಿಯಾಗಿ ನೆನಪಿಗೆ ಬರಲಿಲ್ಲ, ಮೂಗಿನ ಮೇಲೆ ಕನ್ನಡಕ ಕೂತ ಗುರುತು ಮಾತ್ರ ಬಂತು. ಅವನು ಅವಳಿಗೆ ಬೇಕಾಗಿಯೂ ಇರಲಿಲ್ಲ. ಬೇಕಾಗಿದ್ದದ್ದು ಅವನು ಕಳಿಸುತ್ತಿದ್ದದ್ದು. ಅದು ಹೊರಟಿದೆ, ಗಿರಣಿಗಳ ಹೊಗೆ ದಾಟಿ, ಹಡಗುಗಳನ್ನು ದಾಟಿ, ಈ ಕೋಣೆಯನ್ನು ಹುಡುಕಿಕೊಂಡು ಬರುತ್ತಿದೆ. ಬಂದು ನೋಡಿದರೆ ಇಲ್ಲಿರುವವಳು ಒಬ್ಬಳೇ ಒಬ್ಬಳು. ಅವಳು ಕಣ್ಣು ಮುಚ್ಚಿದಳು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂದು ಅತ್ತೆ ದಿನವೂ ಹೇಳಿಕೊಳ್ಳುವ ವ್ರತ ಕಿವಿಯಲ್ಲಿ ಕೇಳಿಸಿತು, ಅದನ್ನು ದಾಟಿ ಅವಳು ಸುಮ್ಮನೆ ಕೂತಳು. ಆಗ ಬೆನ್ನಿನ ನಡುವೆ, ಯಾರೋ ಹಿಂದಿನಿಂದ ನೋಡುತ್ತಿರುವಾಗ ಆಗುತ್ತದಲ್ಲ, ಹಾಗೆ ಒಂದು ಬಿಸುಪು ಹರಡಿತು. ಎಲ್ಲೋ ಒಂದು ಕಡೆ ತಾನು ನೆನಪಾಗುತ್ತಿದ್ದೇನೆ. ಬಸದಿಯ ಗಂಟೆ ನಿಂತಾಗ ಅವಳು ಎದ್ದು ಓಡಿ ಇಳಿದಳು. ಕೈಯಲ್ಲಿ ಒಣಗಿದ ಬೂದಿ ಹಾಗೇ ಇತ್ತು.

ಮರುದಿನವೂ ಹೋದಳು. ಅದರ ಮರುದಿನ ಚಾಪೆಯ ಮೇಲೆಯೇ ಕೂತಳು. ದೀಪಾವಳಿಯ ಹೊತ್ತಿಗೆ ಅವಳ ದಿನವೆಲ್ಲ ಆರೂವರೆಯ ಕಡೆಗೆ ಇಳಿಜಾರಾಗಿತ್ತು. ಬೆಳಿಗ್ಗೆ ಹಸುವಿನ ಹಾಲು ಕರೆಯುವಾಗ, ಅಕ್ಕಿ ತೊಳೆಯುವಾಗ, ತನ್ನಲ್ಲಿ ಒಂದು ಗುಟ್ಟು ಇದೆ ಎನ್ನುವುದೇ ಅವಳನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಮನೋರಮೆಯ ಮೇಲೆ ಪ್ರೀತಿ ಕೂಡ ಬರುತ್ತಿತ್ತು, ಮೋಸ ಹೋದವರ ಮೇಲೆ ಬರುವಂಥದ್ದು. ಐದೂವರೆಗೆ ಅವಳು ಮೆಟ್ಟಿಲು ಹತ್ತುವಾಗ, ಹೋಗಿ ಬಾ, ಇಲ್ಲಿ ನಾನು ನೋಡಿಕೊಳ್ತೇನೆ, ಎಂದು ತಾನೇ ಹೇಳುತ್ತಿದ್ದಳು. ಒಂದು ಸಂಜೆ ರವಿರಾಜ ಎಣ್ಣೆಯ ಗಿಂಡಿ ಮರೆತು ಬಸದಿಯಿಂದ ಅರ್ಧಕ್ಕೆ ಬಂದವನು, ಕೆಳಗೆ ಯಾರೂ ಕಾಣದೆ ಮಾಳಿಗೆ ಹತ್ತಿ, ತಮ್ಮನ ಹೆಂಡತಿಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತ ತನ್ನ ಹೆಂಡತಿಯನ್ನು ಕಂಡ. ಏನು, ತಲೆನೋವಾ ಎಂದು ಕೇಳಿದ. ಹೌದು ಎಂದಳು. ಅವನು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಳಗೆ ಬಂದು, ಪೂಜೆಯ ಮಡಿಯಲ್ಲಿದ್ದವನು ಅದನ್ನೂ ಲೆಕ್ಕಿಸದೆ ಅವಳ ಹಣೆ ಮುಟ್ಟಿ ನೋಡಿದ. ಬೆರಳಲ್ಲಿ ಗಂಧದ ವಾಸನೆಯಿತ್ತು. ಜ್ವರವಿಲ್ಲ, ಸ್ವಲ್ಪ ಮಲಗು, ಎಂದ. ಅವನು ಇಳಿದು ಹೋದ ಮೇಲೆ, ಅವನು ಮುಟ್ಟಿದ ಜಾಗವನ್ನು ತ್ರಿಶಲೆ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಹಾಗೆ ಒರೆಸಿಕೊಂಡದ್ದಕ್ಕೆ ನಾಚಿಕೆಪಟ್ಟಳು. ಹತ್ತು ನಿಮಿಷದಲ್ಲಿ ನಾಲ್ಕು ಹಾಳಾಯಿತಲ್ಲ ಎಂಬ ಸಿಟ್ಟು ಮಾತ್ರ ಆ ನಾಚಿಕೆಗಿಂತ ದೊಡ್ಡದಾಗಿತ್ತು.

ನವೆಂಬರ್ ಹತ್ತಕ್ಕೆ ಇನ್ನೊಂದು ಕಾಗದ ಬಂತು. ನಡುವೆ ಒಂದು ತಪ್ಪಿದ್ದನ್ನು ಮನೋರಮೆ ಅವನ ಕೆಲಸದ ಗಡಿಬಿಡಿಯೆಂದು ಬಿಟ್ಟಿದ್ದಳು. ಅದರಲ್ಲಿ ಗಡಿಯಾರದ ಮಾತಿರಲಿಲ್ಲ. ಈಗ ಬೆಂಚಿನ ಮೇಲೆ ಎಲೆ ಉದುರುತ್ತದೆ, ಆದರೂ ಕೂರುತ್ತೇನೆ, ಈ ದಿನಗಳಲ್ಲಿ ನೀನು ಪಕ್ಕದಲ್ಲೇ ಇದ್ದ ಹಾಗೆ ಆಗುತ್ತದೆ ಎಂದು ಬರೆದಿದ್ದ. ಮನೋರಮೆ ಆ ಸಾಲು ಓದುವಾಗ ದನಿ ತಗ್ಗಿಸಿದಳು. ತ್ರಿಶಲೆ ಹೂಬತ್ತಿ ಹೊಸೆಯುತ್ತಾ ಕೂತಿದ್ದಳು. ಈ ದಿನಗಳಲ್ಲಿ ಎಂದಿದ್ದಾನೆ. ಈ ದಿನಗಳಲ್ಲಿ ಇದ್ದದ್ದು ಯಾರು? ಆ ಸಾಲು ನನ್ನದು, ನೀನು ಓದುತ್ತಿರುವುದು ನನ್ನ ಕಾಗದ, ಎಂದು ಕೂಗಬೇಕೆನಿಸಿತು. ಅದರ ಬದಲು ಅವಳು ಬತ್ತಿಯನ್ನು ಇನ್ನಷ್ಟು ಬಿಗಿಯಾಗಿ ಹೊಸೆದಳು. ಮನೋರಮೆ ಕಾಗದವನ್ನು ಎದೆಗೆ ಒತ್ತಿಕೊಂಡು ಎದ್ದಾಗ, ತನ್ನ ಒಡವೆಯನ್ನು ಬೇರೆಯವರು ಹಾಕಿಕೊಂಡು ಹೊರಟ ಹಾಗೆ ಅವಳ ಬೆನ್ನನ್ನೇ ನೋಡಿದಳು.

ಹದಿನಾಲ್ಕು ದಿನದ ಮೇಲೆ ಬಂದ ಕಾಗದವನ್ನು ಮನೋರಮೆ ಓದಿ ಕೆಳಗೆ ಬರಲೇ ಇಲ್ಲ. ಎಷ್ಟು ಹೊತ್ತಾದರೂ ಬಾರದ್ದಕ್ಕೆ ತ್ರಿಶಲೆ ಹತ್ತಿ ನೋಡಿದಳು. ಮನೋರಮೆ ಚಾಪೆಯ ಮೇಲೆ ಕಾಗದ ಹರಡಿಕೊಂಡು, ಬೆರಳ ಗೆಣ್ಣುಗಳನ್ನು ಎಣಿಸುತ್ತಾ ಅಳುತ್ತಿದ್ದಳು. ಗ್ರಹಚಾರ ನೋಡಿ ಅಕ್ಕ, ಎಂದಳು. ಗಡಿಯಾರ ಯಾವಾಗ ಹಿಂದಿಡುತ್ತಾರೆ ಎಂದು ಅವಳೇ ಬರೆದು ಕೇಳಿದ್ದಳಂತೆ. ಇಪ್ಪತ್ತೊಂಬತ್ತಕ್ಕೇ ಇಟ್ಟಾಯಿತು, ಅಕ್ಟೋಬರದ ಕಾಗದದಲ್ಲಿ ಬರೆದಿದ್ದೆನಲ್ಲ, ಮುಟ್ಟಲಿಲ್ಲವೇ ಎಂದು ಉತ್ತರ ಬಂದಿದೆ. ಇಪ್ಪತ್ತಾರು ದಿನ. ಇಪ್ಪತ್ತಾರು ದಿನ ನಾನು ಯಾರೂ ಇಲ್ಲದ ಹೊತ್ತಿಗೆ ಕೂತೆ. ಅದು ಹೋಗಲಿ. ಅವರು ಅಲ್ಲಿ ಚಳಿಯಲ್ಲಿ ದಿನವೂ ಬೆಂಚಿನಲ್ಲಿ ಕೂತಿದ್ದರು, ನನ್ನನ್ನು ಕರೆಯುತ್ತಿದ್ದರು, ನಾನು ಬಸದಿಯಲ್ಲಿ ಯಾರದೋ ಸೀರೆಯ ಅಂಚು ನೋಡುತ್ತಿದ್ದೆ, ಎಂದು ಹೇಳಿ ಮತ್ತೆ ಅತ್ತಳು. ನಾಳೆ ಅಣ್ಣುವನ್ನು ಕೇಳಬೇಕು, ಅವನು ಎಲ್ಲೋ ಕಳೆದಿರಬೇಕು ಎಂದಳು. ತ್ರಿಶಲೆ ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಅಣ್ಣುವಿಗೆ ಬೈಗಳು ಬೀಳುವುದರ ಬಗ್ಗೆ ಅವಳಿಗೆ ಮರುಕ ಬರಬೇಕಿತ್ತು, ತಾನು ಮಾಡಿದ್ದಕ್ಕೆ ಪಶ್ಚಾತ್ತಾಪ ಬರಬೇಕಿತ್ತು. ಎರಡೂ ಬರಲಿಲ್ಲ. ಬಂದದ್ದು ಬೇರೆ. ಮನೋರಮೆ ಕಣ್ಣು ಒರೆಸಿಕೊಂಡು, ಇಷ್ಟು ದಿನ ಈ ಕೋಣೆ ಖಾಲಿ ಇತ್ತಲ್ಲ ಅಕ್ಕ, ಎಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಖಾಲಿ ಇರ್ಲಿಲ್ಲ," ಎಂದಳು. "ನಾನು ಕೂತಿದ್ದೆ."

ಮನೋರಮೆಗೆ ಅರ್ಥವಾಗಲಿಲ್ಲ. ತ್ರಿಶಲೆ ಹೇಳುತ್ತಾ ಹೋದಳು. ಕಾಗದ ಬಂದಿತ್ತು, ನನ್ನ ಪೆಟ್ಟಿಗೆಯಲ್ಲಿ ಉಂಟು. ಓದಿದ್ದೇನೆ. ಇಪ್ಪತ್ತೊಂಬತ್ತರಿಂದ ನಿನ್ನೆಯವರೆಗೆ ಒಂದು ದಿನವೂ ತಪ್ಪಿಸಲಿಲ್ಲ, ಆರೂವರೆಗೆ ಸರಿಯಾಗಿ, ಇದೇ ಚಾಪೆಯಲ್ಲಿ. ತನ್ನ ದನಿಯಲ್ಲಿ ಜಂಬ ಇದ್ದದ್ದು ಅವಳಿಗೇ ಕೇಳಿಸಿತು, ನಿಲ್ಲಿಸಲು ಆಗಲಿಲ್ಲ. ಮನೋರಮೆ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಹರಡಿದ ಕಾಗದವನ್ನು ಮಡಚಿ ಕೇಳಿದಳು.

"ಯಾಕೆ ಅಕ್ಕ?"

ತ್ರಿಶಲೆ ಕೆಳಗೆ ಹೋಗಿ ಕಾಗದ ತಂದು ಚಾಪೆಯ ಅಂಚಿನಲ್ಲಿ ಇಟ್ಟಳು.

ಆಮೇಲಿನ ದಿನಗಳಲ್ಲಿ ಅವಳು ಕಾದಳು. ಮನೋರಮೆ ಅತ್ತೆಗೆ ಹೇಳುತ್ತಾಳೆ, ಅತ್ತೆ ಚಾವಡಿಗೆ ಕರೆಯುತ್ತಾರೆ, ರವಿರಾಜ ತಲೆ ತಗ್ಗಿಸಿ ನಿಲ್ಲುತ್ತಾನೆ. ಏನೂ ಆಗಲಿಲ್ಲ. ಕಾಗದ ಸಿಕ್ಕಿತು, ಹಳೆಯ ಪಂಚಾಂಗದ ಒಳಗೆ ಸೇರಿಹೋಗಿತ್ತು, ಎಂದಷ್ಟೇ ಮನೋರಮೆ ಅತ್ತೆಗೆ ಹೇಳಿದಳು. ಐದೂವರೆಗೆ ಅವಳು ಈಗ ಅಡಿಗೆಮನೆಯಲ್ಲಿದ್ದಳು. ಎರಡು ಕೈ ಜೊತೆಗೂಡಿ ಕೆಲಸ ಬೇಗ ಮುಗಿಯುತ್ತಿತ್ತು. ಉಪ್ಪು ಕೊಡಿ, ಎಲೆ ಸಾಕಾ, ನೀರು ಬಿಸಿ ಉಂಟು, ಇಷ್ಟೇ ಮಾತು. ಆರೂವರೆಗೆ ಅವಳು ಮಾಳಿಗೆ ಹತ್ತಿದರೆ ತ್ರಿಶಲೆ ಬಸದಿಗೆ ಹೋಗುತ್ತಿದ್ದಳು, ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಆರತಿಯ ಬೆಳಕಿನಲ್ಲಿ ಕಣ್ಣು ಮುಚ್ಚಿದರೆ ಬೆನ್ನಿಗೆ ಏನೂ ಬರುತ್ತಿರಲಿಲ್ಲ. ತನ್ನದನ್ನು ಕಿತ್ತುಕೊಂಡು ಹೋದವಳನ್ನು ನೋಡುವ ಹಾಗೆ ಅವಳು ಮನೋರಮೆಯನ್ನು ನೋಡುತ್ತಿದ್ದಳು. ಅವಳ ಮೌನಕ್ಕೆ ಕೂಡ ಕರುಬುತ್ತಿದ್ದಳು. ತಾನಾಗಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಹೇಳಿಯಾಗುತ್ತಿತ್ತು ಎಂದು ಗೊತ್ತಿದ್ದುದರಿಂದ.

ಡಿಸೆಂಬರದ ಎರಡನೆಯ ವಾರ ಅಣ್ಣು ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿ, ಎದುರು ಬಂದ ಮನೋರಮೆಯನ್ನು ದಾಟಿ, ಜಗಲಿಯ ತನಕ ಬಂದ. ಇದು ನಿಮ್ಮ ಹೆಸರಿಗೆ ಉಂಟು ಅಮ್ಮ, ಎಂದು ನೀಲಿ ಕಾಗದವನ್ನು ತ್ರಿಶಲೆಗೆ ನೀಡಿದ. ಶ್ರೀಮತಿ ತ್ರಿಶಲಾದೇವಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ರಾಜಮತಿಯವರು ಚಾವಡಿಯಿಂದಲೇ, ಅಜಿತ ಅತ್ತಿಗೆಗೆ ಬರೆದನಾ, ಓದು ಓದು, ಎಂದರು. ಉಂಡು ಒರಗಿದ್ದ ರವಿರಾಜನೂ ಎದ್ದು ಕೂತ. ಮನೋರಮೆ ಬಾಗಿಲಿಗೆ ಒರಗಿ ನಿಂತಳು. ತ್ರಿಶಲೆ ನಿಂತುಕೊಂಡೇ ಓದತೊಡಗಿದಳು, ಶಾಲೆಯಲ್ಲಿ ಓದುವ ಹಾಗೆ, ಪ್ರತಿ ಅಕ್ಷರವನ್ನೂ ಬಿಡಿಸಿ. ಅತ್ತಿಗೆಗೆ ಅಜಿತನ ಜಯಜಿನೇಂದ್ರಗಳು. ಗಡಿಯಾರ ಹಿಂದಿಡುವ ಸುದ್ದಿಯ ಕಾಗದ ತನಗೆ ತಡವಾಗಿ ಸಿಕ್ಕಿತೆಂದು ಮನೋರಮೆ ಬರೆದಿದ್ದಾಳೆ. ಆದರೆ ಆ ದಿನಗಳಲ್ಲಿ ಕೋಣೆ ಖಾಲಿ ಇರಲಿಲ್ಲ, ಅಕ್ಕ ದಿನವೂ ಅಲ್ಲಿ ಕೂತಿದ್ದರು ಎಂದೂ ಬರೆದಿದ್ದಾಳೆ. ನನ್ನ ಹೊತ್ತನ್ನು ಕಾದ ನಿಮಗೆ ನಾನು ಹೇಗೆ ಋಣ ತೀರಿಸಲಿ. ಇಲ್ಲಿಗೆ ಓದುವಾಗ ತ್ರಿಶಲೆಯ ಕಿವಿ ಕಾದು ಕೆಂಪಾಗಿತ್ತು. ತನ್ನದೇ ಮಾತುಗಳನ್ನು ಮನೋರಮೆ ಒಂದೂ ಬಿಡದೆ ಕಳಿಸಿದ್ದಳು, ಕಳ್ಳತನವೊಂದನ್ನು ಬಿಟ್ಟು. ಆಗ ತ್ರಿಶಲೆಯ ಕಣ್ಣು ಮುಂದಿನ ಸಾಲಿನ ಮೇಲೆ ಬಿತ್ತು. 'ನಿಜ ಹೇಳಬೇಕೆಂದರೆ, ಮನೋರಮೆಯೇ ಕೂತಿದ್ದಾಳೆಂದು ನಾನು ತಿಳಿದಿದ್ದೆ. ನನಗೆ ಒಂದು ದಿನವೂ ವ್ಯತ್ಯಾಸ ಗೊತ್ತಾಗಲಿಲ್ಲ.' ಅಕ್ಷರಗಳು ಕಣ್ಣಿನಲ್ಲಿ ಕುಳಿತವು, ಬಾಯಿಗೆ ಬರಲಿಲ್ಲ. ಅವಳು ಮುಂದಿನ ಸಾಲಿಗೆ ಹೋದಳು. ಅಮ್ಮನ ಕಾಲುನೋವು ಹೇಗಿದೆ. ಅಣ್ಣನಿಗೆ ನಮಸ್ಕಾರ.

ರವಿರಾಜ ಹೆಂಡತಿಯನ್ನು ಹೊಸದಾಗಿ ಕಂಡವನ ಹಾಗೆ ನೋಡುತ್ತಿದ್ದ. ಅತ್ತೆಯ ಕಣ್ಣು ಒದ್ದೆಯಾಗಿತ್ತು. ಮನೋರಮೆ ಬಾಗಿಲಿನಿಂದ ಎರಡು ಹೆಜ್ಜೆ ಬಂದು ಕೈ ಚಾಚಿದಳು.

"ಒಮ್ಮೆ ನಾನು ನೋಡ್ತೇನೆ ಅಕ್ಕ."

ಆ ಮನೆಯಲ್ಲಿ ಬಂದ ಕಾಗದ ಎಲ್ಲರ ಕೈಗೂ ಹೋಗುತ್ತಿತ್ತು. ತ್ರಿಶಲೆ ಅದನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು. ನನ್ನ ಹೆಸರಿಗೆ ಬಂದದ್ದಲ್ಲವಾ, ಎಂದಳು. ಆಡಬೇಕೆಂದುಕೊಂಡದ್ದಕ್ಕಿಂತ ದನಿ ಗಡುಸಾಗಿ ಬಂತು. ಮನೋರಮೆಯ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಸೆರಗು ಸರಿಪಡಿಸಲಿಕ್ಕೆ ಹೋಯಿತು. ಅವಳು ನಗಲು ನೋಡಿದಳು. ಕೆಳತುಟಿ ಒಳಕ್ಕೆ ಎಳೆದುಕೊಂಡಿತು, ಕಣ್ಣು ಮುಷ್ಟಿಯಿಂದ ಹೊರಗೆ ಇಣುಕಿದ ನೀಲಿ ತುದಿಯನ್ನೇ ಹಿಡಿದುಕೊಂಡಿತು. ತ್ರಿಶಲೆ ಆ ಮುಖವನ್ನು ಕಂಡ ಕೂಡಲೇ ಗುರುತು ಹಿಡಿದಳು. ಒಳಗಿನಿಂದ ಮಾತ್ರ ಗೊತ್ತಿದ್ದ ಕರುಬು ಹೊರಗಿನಿಂದ ಹೀಗೆ ಕಾಣುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಒಮ್ಮೆಲೇ ಅವಳಿಗೆ ಮನೋರಮೆಯನ್ನು ಹತ್ತಿರ ಕರೆದು, ಏನೂ ಇಲ್ಲ ಮಾರಾಯ್ತಿ ಇದರಲ್ಲಿ, ತೆಗೆದುಕೋ, ಎಂದು ಹೇಳಬೇಕೆನಿಸಿತು. ಆದರೆ ಇತ್ತು. ಆ ಒಂದು ಸಾಲು ಇತ್ತು. ಅದನ್ನು ಕೊಡದಿರುವುದು ಅವಳ ಮೇಲಿನ ಕರುಣೆಯಿಂದಲೋ, ಅಥವಾ ಅಷ್ಟಾದರೂ ತನ್ನ ಹತ್ತಿರವೇ ಇರಲಿ ಎಂದೋ, ತ್ರಿಶಲೆ ಎಷ್ಟು ಹುಡುಕಿದರೂ ತನ್ನಲ್ಲಿ ಕಾಣಲಿಲ್ಲ.

"ಎಷ್ಟು ಚೆಂದ ಬರೆದಿದ್ದಾನೆ," ಎಂದರು ರಾಜಮತಿಯವರು ಕಣ್ಣು ಒರೆಸಿಕೊಳ್ಳುತ್ತಾ. "ಇನ್ನೊಮ್ಮೆ ಓದು ತ್ರಿಶಲಾ."

ಅವಳು ಬೆವರಿನಿಂದ ಮೆತ್ತಗಾದ ಕಾಗದವನ್ನು ಬಿಡಿಸಿದಳು. ಮೊದಲಿನಿಂದ ಓದಿದಳು, ಅದೇ ದನಿಯಲ್ಲಿ, ಅದೇ ನಿಧಾನದಲ್ಲಿ. ಋಣ ತೀರಿಸಲಿ ಎಂಬಲ್ಲಿಗೆ ಬಂದಾಗ ತಲೆಯೆತ್ತಿದಳು. ಮನೋರಮೆ ಈಗ ಕಾಗದವನ್ನು ನೋಡುತ್ತಿರಲಿಲ್ಲ, ಅವಳ ಕಣ್ಣುಗಳನ್ನು ನೋಡುತ್ತಿದ್ದಳು. ಓದದೆ ಬಿಟ್ಟದ್ದು ಏನೋ ಒಂದು ಇದೆ ಎಂದು ಅವಳಿಗೆ ತಿಳಿದಿತ್ತು. ತ್ರಿಶಲೆ ಕಣ್ಣು ತಗ್ಗಿಸಿ, ಅಮ್ಮನ ಕಾಲುನೋವು ಹೇಗಿದೆ ಎಂದು ಓದಿದಳು.